ಕಡ ತಂದ ಕತ್ತಲೆ

ಜನರಿಗೆ ಆಕಾಶ ತೋರಿಸುವ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರು ಓದಲೆಂದು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ತಲೆಯಲ್ಲಿ ಏನಿದೆ ಎಂದು ನನಗೆ ಗೊತ್ತು. ತಣ್ಣನೆಯ ಗುಡ್ಡ, ದೊಡ್ಡ ದೂರದರ್ಶಕ, ಬಾಯಿ ಬಿಟ್ಟುಕೊಂಡು ಕೇಳುವ ಜನ. ಅದನ್ನೆಲ್ಲ ಮೊದಲು ಕೊಡವಿಬಿಡಿ. ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಆಡಿದ ಮಾತು “ಪಾಳೀಲೆ ನಿಂದರ್ರಿ” ಎಂಬುದು. ಅತಿ ಹೆಚ್ಚು ಕೇಳಿಸಿಕೊಂಡದ್ದು “ಇಷ್ಟ ಏನ್ರಿ?” ಎಂಬುದು. ಮೊಬೈಲಿನಲ್ಲಿ ಕೆಂಪು, ನೀಲಿ, ನೇರಳೆ ಚಿತ್ರ ನೋಡಿ ಬಂದವರು ದೂರದರ್ಶಕಕ್ಕೆ ಕಣ್ಣಿಟ್ಟರೆ ಅಲ್ಲಿ ಕಾಣುವುದು ಸುಣ್ಣದ ಕೈ ಒರೆಸಿದಂಥ ಒಂದು ಬೂದು ಕಲೆ. ಅದರ ಬೆಳಕು ಎಷ್ಟು ದೂರದಿಂದ ಬಂದಿದೆ ಎಂದು ನೀವು ಹೇಳುವಷ್ಟರಲ್ಲಿ ಅವರು ಇಳಿದು ಮಿರ್ಚಿ ತಿನ್ನಲು ಹೋಗಿರುತ್ತಾರೆ.

ನಾನು ಕುಷ್ಟಗಿಯ ಹೆಣ್ಣುಮಗಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಕುಷ್ಟಗಿ ಮತ್ತು ಯಲಬುರ್ಗಾ ನಡುವಿನ ಒಂದು ಕಲ್ಲುಗುಡ್ಡದ ಮೇಲೆ ಸಾರ್ವಜನಿಕ ವೀಕ್ಷಣಾಲಯ ಕಟ್ಟಿದಾಗ ನನ್ನನ್ನು ಡೆಪ್ಯುಟೇಶನ್ ಮೇಲೆ ಅಲ್ಲಿಗೆ ಹಾಕಿದರು. ಹೋದವಳು ನಿವೃತ್ತಿಯವರೆಗೆ ಅಲ್ಲೇ ಉಳಿದೆ. ಬಡ್ತಿ ಗಿಡ್ತಿಯ ಸುದ್ದಿ ಬರೆಯುವುದಿಲ್ಲ, ಬರೆಯುವಂಥದ್ದು ಬರಲೂ ಇಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕನ್ನಡಿ ಒಡೆದರೆ ಹೊಸದು ತರಿಸಬಹುದು, ಮೋಟಾರು ಸುಟ್ಟರೆ ಸುತ್ತಿಸಬಹುದು. ಈ ಕೆಲಸಕ್ಕೆ ಇಲ್ಲದಿದ್ದರೆ ನಡೆಯದ ವಸ್ತು ಕತ್ತಲೆ ಒಂದೇ. ಅದು ನಮ್ಮದಲ್ಲ, ಗುಡ್ಡದ ಕೆಳಗಿನ ಊರಿನದು. ನೆರೆಮನೆಯಿಂದ ಸೇರು ಜೋಳ ಕಡ ತಂದಹಾಗೆ ಅದನ್ನು ನಾನು ಕಡ ತಂದಿದ್ದೆ. ಅವರು ಬೇಕೆಂದರೆ ತಿರುಗಿ ಕೊಡಬೇಕು. ಈಗ ಆ ಗುಡ್ಡದ ಮೇಲೆ ಚಂದ್ರ, ಗುರು, ಶನಿ ಬಿಟ್ಟರೆ ನೆಟ್ಟಗೆ ಏನೂ ಕಾಣುವುದಿಲ್ಲ.

ಉದ್ಘಾಟನೆಯ ಕಥೆ ಕೇಳಿದರೆ ನೀವು ನಗುತ್ತೀರಿ, ನನಗೆ ಇನ್ನೂ ನಗು ಬರುವುದಿಲ್ಲ. ನಮ್ಮ ಸಾಹೇಬರು ಕೊಪ್ಪಳದ ಕಚೇರಿಯಲ್ಲಿದ್ದರು. ಕೆಟ್ಟವರಲ್ಲ. ಈ ಗುಡ್ಡದ ಮಂಜೂರಾತಿಗಾಗಿ ವರ್ಷಗಟ್ಟಲೆ ಬೆಂಗಳೂರಿಗೆ ಅಲೆದವರು. ಆದರೆ ಉದ್ಘಾಟನೆಗೆ ಪಂಚಾಂಗ ತೆಗೆಸಿ, ಒಳ್ಳೆಯ ದಿನವೆಂದು ಹುಣ್ಣಿಮೆಯನ್ನೇ ಇಟ್ಟರು. ಬೇಡವೆಂದು ಹೇಳಿದೆ. “ಶುಭಕಾರ್ಯಕ್ಕ ಅಮಾಸಿ ಇಡ್ತಾರೇನ್ರಿ ಮೇಡಂ?” ಎಂದು ನನ್ನ ಬಾಯಿ ಮುಚ್ಚಿಸಿದರು. ಮುಖ್ಯ ಅತಿಥಿಗಳು ಬಂದರು, ತಗಡಿನ ಛಾವಣಿಯನ್ನು ಹಳಿಯ ಮೇಲೆ ತಳ್ಳಿ ಸರಿಸಿದೆವು. ಮೇಲೆ ಹಿತ್ತಾಳೆ ಪರಾತದಂಥ ಚಂದ್ರ. ಅತಿಥಿಗಳು ದೂರದರ್ಶಕಕ್ಕೆ ಕಣ್ಣಿಟ್ಟು, ಆ ಬೆಳಕಿಗೆ ಹಿಂದೆ ಸರಿದು ಕಣ್ಣುಜ್ಜಿಕೊಂಡು, “ಚಿಕ್ಕಿ ಎಲ್ಲಿ ಅದಾವ್ರಿ?” ಎಂದು ನಕ್ಷತ್ರ ಹುಡುಕಿದರು. ಸಾಹೇಬರು ನನ್ನ ಮುಖ ನೋಡಿದರು. ನನ್ನ ನಾಲಿಗೆ ಆಗಲೂ ಉದ್ದವೇ. “ನಿಮ್ಮ ಮುಹೂರ್ತದಾಗ ಮುಳುಗ್ಯಾವ್ರಿ ಸರ್” ಎಂದೆ. ಮರುವಾರವೇ ಮೆಮೊ ಬಂತು.

ಆಮೇಲೆ ಅಮಾವಾಸ್ಯೆಗೆ ಇಟ್ಟುಕೊಂಡೆವು. ಆಕಾಶವೇನೋ ಕಾಡಿಗೆ ಬಳಿದಂತಿತ್ತು, ನೋಡುವವರು ಮಾತ್ರ ಒಬ್ಬರೂ ಇಲ್ಲ. ಗಂಗಾವತಿಯ ಅಕ್ಕಿ ಗಿರಣಿಯವರ ಮನೆಗಳಿಂದ ಒಂದು ಬಸ್ಸು ಮಂದಿ ಬರುತ್ತೇವೆ ಎಂದಿದ್ದರು. ಮಧ್ಯಾಹ್ನ ಫೋನು ಬಂತು. “ತಪ್ಪು ತಿಳೀಬ್ಯಾಡ್ರಿ ಅಕ್ಕಾರ, ಅಮಾಸಿ ದಿನ ಸಣ್ಣ ಹುಡುಗ್ರನ್ನ ಕರ್ಕೊಂಡು ಗುಡ್ಡ ಏರಾಕ ಮನ್ಯಾಗ ಹಿರೇರು ಒಪ್ಪವಲ್ರು.” ಆಕಾಶಕ್ಕೆ ಅಮಾವಾಸ್ಯೆ ಬೇಕು, ನಮ್ಮ ಜನರಿಗೆ ಬೇಡ. ಹೀಗಾಗಿ ಅಮಾವಾಸ್ಯೆಯ ಹಿಂದಿನ ಅಥವಾ ಮುಂದಿನ ಶನಿವಾರ ಎಂದು ಗೊತ್ತುಮಾಡಿದೆ. ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಪ್ರತಿ ತಿಂಗಳು ಬೋರ್ಡು ಹಾಕಿಸಿದೆ. ಯಾವ ಶನಿವಾರ, ಎಷ್ಟು ಹೊತ್ತಿಗೆ, ಊರಿನ ದೀಪ ಯಾವಾಗ ಆರುತ್ತವೆ ಎಲ್ಲ ಅದರಲ್ಲಿರುತ್ತಿತ್ತು. ಆ ಬೋರ್ಡಿನ ಬಗ್ಗೆ ನನಗೆ ಭಾಳ ಹೆಮ್ಮೆ ಇತ್ತು.

ಊರಿನ ದೀಪ ಆರುವುದು ಸುಮ್ಮನೆ ಆದದ್ದಲ್ಲ. ಬೀದಿದೀಪಗಳ ಬೆಳಕು ನೇರ ಗುಡ್ಡಕ್ಕೇ ಹೊಡೆಯುತ್ತಿತ್ತು. ಪಂಚಾಯ್ತಿ ಕಟ್ಟೆಗೆ ಹೋಗಿ ಕೈ ಮುಗಿದು ಕೂತೆ. ಊರಿನಲ್ಲಿ ನಡೆಯುವ ಮಾತು ಶರಣಪ್ಪಜ್ಜನದು. ಮುದುಕ ತಂಬಾಕು ತಿಕ್ಕುತ್ತ ನನ್ನ ವಿಜ್ಞಾನವನ್ನೆಲ್ಲ ಕೇಳಿಸಿಕೊಂಡ.

“ಇಷ್ಟ ವರ್ಷದಾಗ ಸರಕಾರದ ಮಂದಿ ಬಂದಾರ, ಬೆಳಕ ಕೊಡ್ತೀವಿ ಅಂದಾರ, ಹೋಗ್ಯಾರ. ಕತ್ತಲಿ ಬೇಡಾಕ ಬಂದಾವ್ರು ನೀವ ಮೊದಲನೇದವ್ರು ನೋಡ್ರಿ ಅಕ್ಕಾರ” ಎಂದ.

ಎಲ್ಲರೂ ನಕ್ಕರು. ಹಿಂದೆ ನಿಂತಿದ್ದ ಗಂಗವ್ವ ಮಾತ್ರ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಗುಡ್ಡದ ಬುಡದಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಮಾಡಿ ಮಾರುವ ಹೆಂಗಸು. ಗಂಡ ತೀರಿಕೊಂಡಿದ್ದ. ಲಾರಿ ಓಡಿಸುವ ಮಗ ಹೆಚ್ಚಾಗಿ ರಸ್ತೆಯ ಮೇಲೆಯೇ. ಮನೆಯಲ್ಲಿ ಗಂಗವ್ವ ಮತ್ತು ಸೊಸೆ ರೇಣುಕಾ ಇಬ್ಬರೇ.

“ಕತ್ತಲಿಗೇನ್ ಬರಾ ಬಂದೈತೇನ್ರಿ ನಮ್ಮೂರಾಗ? ಬುಟ್ಟಿ ತುಂಬ ಒಯ್ರಿ” ಎಂದಳು. “ನಿಮ್ಮ ಮಂದಿ ಬಂದ್ರ ನನ್ನ ಒಲಿನೂ ಉರಿತೈತಿ.”

ಅಂದಿನಿಂದ ಪ್ರದರ್ಶನದ ಶನಿವಾರ ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಬೀದಿದೀಪಗಳ ಸ್ವಿಚ್ಚು ಕೆಳಗಾಗುತ್ತಿತ್ತು. ಗಂಗವ್ವ ಓಣಿ ಓಣಿ ತಿರುಗಿ, “ಏ ಬರ್ರೆವ್ವಾ, ಅಂಗಳದ ಲೈಟ್ ಆರಸ್ರಿ, ಅಕ್ಕಾರ ಚಿಕ್ಕಿ ಹಡಿಯಾಕತ್ಯಾರ” ಎಂದು ಕೂಗುತ್ತಿದ್ದಳು. ತನ್ನ ಒಲೆಗೂ ತಗಡು ಅಡ್ಡ ಇಡುತ್ತಿದ್ದಳು. ಆ ಕಾಲದಲ್ಲಿ ಆಕಾಶಗಂಗೆ ನಮ್ಮ ಗುಡ್ಡದ ಮೇಲೆ ಈ ಅಂಚಿನಿಂದ ಆ ಅಂಚಿಗೆ ಕಾಣುತ್ತಿತ್ತು. ನಾನು ಉತ್ಪ್ರೇಕ್ಷೆ ಮಾಡುವವಳಲ್ಲ. ಅದನ್ನು ನೋಡಿ ಅತ್ತವರಿದ್ದಾರೆ.

ಗಂಗವ್ವನ ಸೊಸೆ ರೇಣುಕಾ ಕುಷ್ಟಗಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಸಂಜೆಯ ಬಸ್ಸಿಗೆ ಬಂದು ಮುಖ್ಯರಸ್ತೆಯ ಕ್ರಾಸಿನಲ್ಲಿ ಇಳಿದು ನಡೆದು ಊರಿಗೆ ಬರುತ್ತಿದ್ದಳು. ಆ ದಾರಿಗೆ ಕಂಬಗಳಿರಲಿಲ್ಲ, ಊರಿನ ದೀಪಗಳ ಬೆಳಕೇ ಆಸರೆ. ರಜೆಯ ಶನಿವಾರ ಅತ್ತೆಯೊಂದಿಗೆ ಗುಡ್ಡಕ್ಕೂ ಬರುತ್ತಿದ್ದಳು. ಮಸುಕಾದ ವಸ್ತುವನ್ನು ನೆಟ್ಟಗೆ ನೋಡಿದರೆ ಕಾಣುವುದಿಲ್ಲ, ಸ್ವಲ್ಪ ಪಕ್ಕಕ್ಕೆ ದಿಟ್ಟಿ ಇಟ್ಟು ಓರೆಗಣ್ಣಿನಿಂದ ನೋಡಬೇಕು. ಇದು ನಮ್ಮ ಕಸುಬಿನ ಮೊದಲ ಪಾಠ. ದೇವಯಾನಿ ಎಂಬ ದೂರದ ನಕ್ಷತ್ರಲೋಕ ತೋರಿಸುತ್ತ ಇದನ್ನು ಎಷ್ಟು ಹೇಳಿದರೂ ಜನರಿಗೆ ತಿಳಿಯುತ್ತಿರಲಿಲ್ಲ. ಗಂಗವ್ವ ಒಮ್ಮೆ ಪಾಳಿಯವರಿಗೆಲ್ಲ ಕೇಳುವಂತೆ, “ಸೊಸಿ ಅತ್ತೀನ್ನ ನೋಡತಾಳಲ್ಲ, ಹಂಗ ನೋಡ್ರಿ!” ಎಂದಳು. ಎಲ್ಲರಿಗೂ ಕಂಡಿತು. ರೇಣುಕಾ, “ಹಂಗ ನೋಡಿದ್ರನ ನಮ್ಮ ಅತ್ತಿ ಛಲೋ ಕಾಣತಾಳ್ರಿ” ಎಂದು ತಿರುಗಿಸಿ ಹೊಡೆದಳು. ಆ ಇಬ್ಬರ ಜಗಳ ಕೇಳುವುದಕ್ಕೇ ಕೆಲವರು ಎರಡನೇ ಸಲ ಬರುತ್ತಿದ್ದರು.

ನನ್ನ ದೊಡ್ಡ ಫಜೀತಿ ಆದದ್ದು ರೋಹಿಣಿಯಿಂದ. ನಮ್ಮ ಕಡೆ ಮಳೆಯ ಲೆಕ್ಕ ನಕ್ಷತ್ರದ ಮೇಲೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ. ಮೊದಲ ವರ್ಷದ ಚಳಿಗಾಲದಲ್ಲಿ ಶರಣಪ್ಪಜ್ಜ, “ನಮ್ಮ ರೋಹಿಣಿ ಚಿಕ್ಕಿ ತೋರಸ್ತೀರೇನ್ರಿ?” ಎಂದು ಕೇಳಿದ್ದ. ನಾನು ಜಂಬದಿಂದ, ಈಗ್ಯಾಕೆ, ರೋಹಿಣಿ ಮಳೆ ಕೂಡಿದಾಗಲೇ ಬನ್ನಿ, ಪೂಜೆಗೆ ಕಾಯಿ ತಂದುಕೊಂಡೇ ಬನ್ನಿ ಎಂದಿದ್ದೆ. ಬೇಸಿಗೆಯ ಕೊನೆಗೆ ರೋಹಿಣಿ ಕೂಡಿತು, ಸುತ್ತಲಿನ ಊರಿನವರು ಕಾಯಿ, ಊದಿನಕಡ್ಡಿ ಹಿಡಿದು ಬಂದರು. ಬಂದ ಮೇಲೆ ನನಗೆ ಎದೆ ಧಸಕ್ಕೆಂದಿತು. ಸೂರ್ಯ ಯಾವ ನಕ್ಷತ್ರದಲ್ಲಿರುತ್ತಾನೋ ಆ ನಕ್ಷತ್ರದ ಮಳೆ. ಅಂದರೆ ಆ ದಿನಗಳಲ್ಲಿ ರೋಹಿಣಿ ಸೂರ್ಯನೊಂದಿಗೇ ಹುಟ್ಟಿ ಸೂರ್ಯನೊಂದಿಗೇ ಮುಳುಗುತ್ತದೆ. ಯಾವ ದೂರದರ್ಶಕ ಹಚ್ಚಿದರೂ ಕಾಣುವುದಿಲ್ಲ. ವಿಜ್ಞಾನ ಕಲಿಸಿದವಳಿಗೆ ಇಷ್ಟು ಹೊಳೆದಿರಲಿಲ್ಲ. ಬೆವರುತ್ತ ಹೇಳಿದೆ.

ಶರಣಪ್ಪಜ್ಜ ಸಿಟ್ಟಾಗಲಿಲ್ಲ. ಕಾಯಿಯನ್ನು ತಿರುಗಿಸಿ ನೋಡುತ್ತ, “ಹಂಗಾರ ಕೊಡೋ ಹೊತ್ತಿನ್ಯಾಗ ಮಾರಿ ತೋರಸಂಗಿಲ್ಲ ಅನ್ರಿ. ಇರ್ಲಿ ಬಿಡ್ರಿ, ದೊಡ್ಡವರು ಹಂಗ” ಎಂದು ಅಲ್ಲೇ ಕಲ್ಲಿಗೆ ಕಾಯಿ ಒಡೆದ. ಒಂದು ಚೂರು ನನ್ನ ಕೈಗೂ ಇಟ್ಟ. ಆಕಾಶದ ಪಾಠ ಹೇಳುವ ಮುನ್ನ ಅದನ್ನು ಊರಿನ ಲೆಕ್ಕದಲ್ಲಿ ಒಮ್ಮೆ ತಿರುವಿ ನೋಡಬೇಕೆಂಬುದನ್ನು ನೀವು ನನ್ನಿಂದ ಕಲಿಯಿರಿ.

ವರ್ಷ ಕಳೆದಂತೆ ಕೆಲಸ ಬದಲಾಯಿತು. ಮೊದಲು ಕೈಯಿಂದ ದೂರದರ್ಶಕ ತಿರುಗಿಸಿ, ಗೊತ್ತಿರುವ ಚಿಕ್ಕಿಯಿಂದ ಗೊತ್ತಿಲ್ಲದ ಚಿಕ್ಕಿಗೆ ಹೆಜ್ಜೆ ಇಡುತ್ತ ಹುಡುಕುತ್ತಿದ್ದೆವು. ಆಮೇಲೆ ಗುಂಡಿ ಒತ್ತಿದರೆ ತಾನೇ ತಿರುಗುವ ಯಂತ್ರ ಬಂತು. ಕಿನ್ನಾಳದ ಚಿತ್ರಗಾರರಿಂದ ಕಟ್ಟಿಗೆಯ ಗ್ರಹಗಳನ್ನು ಮಾಡಿಸಿ ಮೇಜಿನ ಮೇಲೆ ಇಟ್ಟಿದ್ದೆ. ಶನಿಯ ಬಳೆಗೆ ಅವರು ತಮ್ಮ ಮನಸ್ಸಿಗೆ ಬಂದಂತೆ ಕೆಂಪು ಹಚ್ಚಿ ಬಂಗಾರದ ಗೆರೆ ಎಳೆದಿದ್ದರು. ಒಬ್ಬ ಹುಡುಗಿ ಮೇಲಿನದನ್ನೂ ನೋಡಿ ಇದನ್ನೂ ನೋಡಿ, “ಮ್ಯಾಲಿಂದಕ್ಕಿಂತ ಇದ ಛಲೋ ಐತ್ರಿ ಟೀಚರ್” ಎಂದಳು. ಅವಳ ತಪ್ಪೇನೂ ಇರಲಿಲ್ಲ. ಮೇಲಿನದು ಆಗಲೇ ಮಸುಕಾಗತೊಡಗಿತ್ತು.

ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಎದ್ದವು. ಒಂದೊಂದರ ತಲೆಯ ಮೇಲೂ ಕಣ್ಣು ಮಿಟುಕಿಸುವ ಕೆಂಪು ದೀಪ. ಕೊಪ್ಪಳದ ದಿಕ್ಕಿನಲ್ಲಿ ಕಾರ್ಖಾನೆಗಳ ಹೊಗೆಯ ಮೇಲೆ ಕಿತ್ತಳೆ ಬೆಳಕು ಕೂತಿತು. ದಕ್ಷಿಣದ ಅಂಚಿನಲ್ಲಿ ಬೇಸಿಗೆಗೆ ಕಾಣುತ್ತಿದ್ದ ತ್ರಿಶಂಕು ನಕ್ಷತ್ರಪುಂಜ ಮೊದಲು ಹೋಯಿತು. ಮತ್ತೊಂದು ವರ್ಷ ಆಕಾಶಗಂಗೆಯ ಕೆಳಗಿನ ತುದಿ ಹೋಯಿತು. ಸಾಹೇಬರಿಗೆ ಬರೆದರೆ, “ಲೇಸರ್ ಶೋ ಮಾಡೂಣೇನ್ರಿ?” ಎಂದರು. ಅಂಥ ದಿನ ಮನೆಗೆ ಬಂದು ಉಣ್ಣದೆಯೇ ಮಲಗುತ್ತಿದ್ದೆ. ಕಣ್ಣೆದುರು ನಮ್ಮವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರೆ ಯಾರಿಗಾದರೂ ಹೇಗಿರುತ್ತದೆ? ನನಗೆ ಉಳಿದ ಕತ್ತಲೆ ಎಂದರೆ ಕೆಳಗಿನ ಊರು ಕೊಟ್ಟದ್ದು ಮಾತ್ರ. ಅದನ್ನು ಜಿಪುಣಿಯಂತೆ ಕಾಯುತ್ತಿದ್ದೆ. ಯಾರಾದರೂ ಮೊಬೈಲ್ ಹಚ್ಚಿದರೆ ಮೈಮೇಲೆ ಹೋಗುತ್ತಿದ್ದೆ.

ನನ್ನ ನಿವೃತ್ತಿಗೆ ಸ್ವಲ್ಪ ಮೊದಲಿನ ಚಳಿಗಾಲ. ದೀಪಾವಳಿ ಮುಗಿದು ಮುಂದಿನ ಅಮಾವಾಸ್ಯೆ ಹತ್ತಿರದ ಶನಿವಾರ. ಗುಡ್ಡದ ಮೇಲೆ ಒಳ್ಳೆಯ ಮಂದಿ ಇದ್ದರು. ದೇವಯಾನಿಯನ್ನು ತೋರಿಸುತ್ತಿದ್ದೆ. ಇದ್ದಕ್ಕಿದ್ದಂತೆ ಕೆಳಗೆ ಇಡೀ ಊರಿನ ದೀಪ ಒಮ್ಮೆಲೇ ಹತ್ತಿದವು. ಪಾಳಿಯಲ್ಲಿದ್ದವರು “ಅಯ್ಯ!” ಎಂದರು. ನನಗೆ ನೆತ್ತಿಗೇರಿತು. ನಮ್ಮಲ್ಲಿ ಹೊಸದಾಗಿ ಸೇರಿದ್ದ ಮಾರ್ಗದರ್ಶಕನಿಗೆ ಜನರನ್ನು ಒಪ್ಪಿಸಿ, ಸ್ವಿಚ್ಚು ಹಾಕಿದವರಿಗೆ ಬಾಯಿಗೆ ಬಂದಂತೆ ಬೈಯಬೇಕೆಂದು ಮೆಟ್ಟಿಲು ಇಳಿದೆ.

ಕಟ್ಟೆಯ ಮೇಲೆ ರೇಣುಕಾಳನ್ನು ಕೂರಿಸಿದ್ದರು. ಕೊರಳಲ್ಲಿ ರಕ್ತದ ಗೆರೆ. ಬಲಗೈ ಮಣಿಕಟ್ಟಿನ ಹತ್ತಿರ ಬೇರೆ ದಿಕ್ಕಿಗೆ ತಿರುಗಿತ್ತು. ಗಂಗವ್ವ ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಕ್ರಾಸಿನಿಂದ ನಡೆದು ಬರುವಾಗ ಹೆಡ್‌ಲೈಟ್ ಆರಿಸಿಕೊಂಡ ಬೈಕಿನಲ್ಲಿ ಇಬ್ಬರು ಹಿಂದಿನಿಂದ ಬಂದು ತಾಳಿಸರಕ್ಕೆ ಕೈ ಹಾಕಿದ್ದರು. ಸರ ಹರಿಯದೆ ಅವಳನ್ನೂ ಎಳೆದೊಯ್ದಿದ್ದರು. ಹರಿದ ಮೇಲೆ ಅವಳು ರಸ್ತೆ ಬದಿಯ ಕಲ್ಲುರಾಶಿಯ ಮೇಲೆ ಬಿದ್ದಿದ್ದಳು. ನನ್ನ ಬೈಗುಳ ಬಾಯಲ್ಲೇ ಉಳಿಯಿತು.

ಮರುದಿನ ಬಂದ ಪೊಲೀಸಪ್ಪ ಮೃದುವಾಗಿಯೇ ಹೇಳಿದ. “ಕಳ್ಳರಿಗೆ ಕತ್ತಲಿ ಹುಡುಕೋ ತ್ರಾಸನ ಇಲ್ಲ ಬಿಡ್ರಿ ಮೇಡಂ. ಯಾವ ಶನಿವಾರ, ಎಷ್ಟೊತ್ತಿಗೆ ಅಂತ ಬಸ್‌ಸ್ಟ್ಯಾಂಡಿನ್ಯಾಗ ನಿಮ್ಮ ಬೋರ್ಡ್ ನೋಡಿದ್ರ ಸಾಕಲ್ರಿ.” ನನಗೆ ಭಾಳ ಹೆಮ್ಮೆ ಇದ್ದ ಅದೇ ಬೋರ್ಡು.

ಊರು ಎರಡು ಬೇಡಿಕೆ ಇಟ್ಟಿತು. ಇನ್ನು ಮುಂದೆ ದೀಪ ಆರಿಸುವುದಿಲ್ಲ, ಕ್ರಾಸಿನಿಂದ ಊರಿನವರೆಗೆ ಕಂಬ ನೆಟ್ಟು, ಕ್ರಾಸಿನಲ್ಲಿ ಹೈಮಾಸ್ಟ್ ದೀಪ ಹಾಕಬೇಕು. ಹೈಮಾಸ್ಟ್ ಬಂದರೆ ವೀಕ್ಷಣಾಲಯದ ಕಥೆ ಮುಗಿದಂತೆ. ಸಾಹೇಬರು ಫೋನು ಮಾಡಿದರು. “ಮೇಡಂ, ಆ ಮಂದಿ ನಿಮ್ಮ ಮಾತು ಕೇಳ್ತಾರ. ಬೇಕಾದ್ರ ಕಾವಲಿಗೆ ಒಬ್ಬನ್ನ ಇಡೂಣು. ಹ್ಯಾಂಗರ ಮಾಡಿ ಒಪ್ಪಸ್ರಿ. ಇಲ್ಲಾಂದ್ರ ಇಷ್ಟು ವರ್ಷ ಮಾಡಿದ್ದು ನೀರಾಗ ಹೋಮ ಮಾಡಿದಂಗಾತು.” ಅವರ ದನಿಯಲ್ಲಿ ಅಳು ಇತ್ತು. ನನಗೂ ಒಪ್ಪಿಸಬೇಕೆಂದೇ ಇತ್ತು. ಅದನ್ನು ಮುಚ್ಚಿಟ್ಟು ಏನು ಮಾಡಲಿ? ಶರಣಪ್ಪಜ್ಜನನ್ನು ಕಂಡೆ. ಅವನು, “ಎಳ್ಳಮಾಸಿ ಮುಂಚಿನ ಶನಿವಾರ ಇನ್ನೊಂದ ಸಲ ಆರಸ್ತೀವಿ. ಐತವಾರ ಮಂದಿ ಕೂಡಸ್ತೀನಿ. ನೀವ ಬಂದು ಹೇಳ್ರಿ, ಹ್ಯಾಂಗ ಹೇಳ್ತೀರಿ ಹಂಗ” ಎಂದ.

ಗಂಗವ್ವನ ಮನೆಗೆ ಹೋದೆ. ಆಕೆ ನನ್ನನ್ನು ನೋಡಿ ಕಣ್ಣಿಗೆ ಸೆರಗು ಹಚ್ಚಿದಳು. “ಏನ್ ಹೇಳಲಿ ಅಕ್ಕಾರ. ಲೈಟ್ ಬ್ಯಾಡ ಅಂದ್ರ ಮನ್ಯಾಗ ಈಕಿ ಅದಾಳ. ಬೇಕು ಅಂದ್ರ ನಿಮ್ಮ ಮಂದಿ ಬರಂಗಿಲ್ಲ, ನನ್ನ ಒಲಿ ಆರತೈತಿ. ಅತ್ತ ದರಿ, ಇತ್ತ ಪುಲಿ.”

ರೇಣುಕಾ ಗೋಡೆಗೆ ಒರಗಿ ಕೂತಿದ್ದಳು. ಪ್ಲಾಸ್ಟರಿನಿಂದ ಹೊರಗೆ ಬಂದ ಬೆರಳುಗಳು ಊದಿದ್ದವು. ಸೂಜಿ ಹಿಡಿಯಲು ಬರುವುದಿಲ್ಲವೆಂದು ಆಸ್ಪತ್ರೆಯವರು ಬೇರೆಯವಳನ್ನು ತೆಗೆದುಕೊಂಡಿದ್ದರು. ನಾನು ಕಾವಲಿನವನ ಮಾತು ತೆಗೆದೆ. ಎಲ್ಲ ಕೇಳಿಸಿಕೊಂಡು ಅವಳು ಸಿಟ್ಟಿಲ್ಲದೆ ಒಂದೇ ಪ್ರಶ್ನೆ ಕೇಳಿದಳು.

“ಅಕ್ಕಾರ, ಇಷ್ಟ ವರ್ಷ ಬಂದ್ರಲ್ಲ, ದೀಪ ಆರಿಸಿದ ಮ್ಯಾಗ ಆ ರಸ್ತಾದ ಮ್ಯಾಲೆ ನೀವೊಬ್ಬರ ಎಂದರ ನಡದೀರೇನ್ರಿ?”

ನಡೆದಿರಲಿಲ್ಲ. ನನ್ನನ್ನು ಕಚೇರಿಯ ಜೀಪು ಗುಡ್ಡದ ಬಾಗಿಲಿನವರೆಗೆ ಬಿಡುತ್ತಿತ್ತು. ಎದ್ದು ಬಂದೆ.

ಎಳ್ಳಮಾವಾಸ್ಯೆಯ ಮುಂಚಿನ ಶನಿವಾರ ಪ್ರದರ್ಶನದ ಹೊಣೆಯನ್ನು ಹೊಸ ಮಾರ್ಗದರ್ಶಕನಿಗೆ ಬಿಟ್ಟೆ. ಕ್ರಾಸಿನಲ್ಲಿ ಜೀಪು ಇಳಿದು, ಡ್ರೈವರನಿಗೆ ನೀನು ನಡೆ ಎಂದೆ. ಅವನು ತಿರುತಿರುಗಿ ನೋಡುತ್ತ ಹೋದ. ಊರಿನ ದೀಪ ಆಗಲೇ ಆರಿದ್ದವು. ಜೀಪಿನ ಸದ್ದು ಅಡಗಿದ ಮೇಲೆ ನಡೆಯತೊಡಗಿದೆ.

ಜೀಪಿನಲ್ಲಿ ಆ ದಾರಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತಿತ್ತು. ಕಾಲಿಗೆ ಅದು ಮುಗಿಯಲೊಲ್ಲದು. ಎರಡೂ ಬದಿಗೆ ಆಳೆತ್ತರದ ಜೋಳ. ಗಾಳಿ ಬೀಸಿದರೆ ಎಲೆ ಎಲೆಗೆ ತಿಕ್ಕಿ, ಯಾರೋ ಒಳಗೆ ನಡೆದಂತೆ ಸದ್ದು. ನಿಂತರೆ ಅದೂ ನಿಂತಂತೆ ಅನಿಸುತ್ತಿತ್ತು. ಕೊರಳಿನ ಸರವನ್ನು ಸೆರಗಿನೊಳಗೆ ಸೇರಿಸಿ ಮುಷ್ಟಿಯಲ್ಲಿ ಹಿಡಿದುಕೊಂಡೆ. ಹಿಂದಿನಿಂದ ಒಂದು ಬೈಕಿನ ಸದ್ದು ಬಂತು. ಓಡಬೇಕೋ ನಿಲ್ಲಬೇಕೋ ತಿಳಿಯದೆ ರಸ್ತೆ ಬಿಟ್ಟು ಜಾಲಿಯ ಮುಳ್ಳಿನೊಳಗೆ ಸರಿದೆ. ಬೈಕು ನನ್ನ ಹತ್ತಿರ ಬಂದು ನಿಧಾನವಾಯಿತು. ಯಾರೋ ಏನೋ, ನನ್ನನ್ನು ಕಂಡರೋ ಇಲ್ಲವೋ, ಹಾಗೆಯೇ ಮುಂದೆ ಹೋಯಿತು. ಅವ್ವಾ ಎಂದು ಬಾಯಿಂದ ಬಂತು. ಮೊಮ್ಮಕ್ಕಳನ್ನು ಕಂಡವಳು, ಸತ್ತ ತಾಯಿಯನ್ನು ಕರೆಯುತ್ತ ಆ ರಸ್ತೆ ನಡೆದೆ. ರೇಣುಕಾ ಇದನ್ನು ಎಷ್ಟು ಸಂಜೆ ನಡೆದಿದ್ದಳೋ!

ಗಂಗವ್ವನ ಬಾಗಿಲು ತಲುಪಿದಾಗ ಮೈಯೆಲ್ಲ ಬೆವರು, ಸೀರೆ ಮುಳ್ಳಿಗೆ ಹರಿದಿತ್ತು. ಆಕೆ ಚಿಮಣಿ ಎತ್ತಿ ಹಿಡಿದು, “ಅಯ್ಯ ಯವ್ವಾ, ನಡಕೊಂಡ ಬಂದ್ರೇನ್ರಿ? ಒಬ್ಬರ?” ಎಂದು ಕೈ ಹಿಡಿದು ಒಳಗೆ ಕರೆದಳು. ತಂಬಿಗೆ ನೀರು ಒಂದೇ ಉಸಿರಿಗೆ ಕುಡಿದೆ.

ರೇಣುಕಾ ಹೊಸ್ತಿಲಿಗೆ ಬಂದು ಹೊರಗೆ ಬಗ್ಗಿ ಮೇಲೆ ನೋಡಿದಳು. ಗಾಳಿ ಬೀಸಿ ಹೊಗೆಯೆಲ್ಲ ಹರಿದಿತ್ತೇನೋ. “ಎಷ್ಟ ದಿವಸದ ಮ್ಯಾಗ ಇಷ್ಟ ಚಿಕ್ಕಿ ಬಿದ್ದಾವ ನೋಡ್ರಿ ಅಕ್ಕಾರ” ಎಂದಳು. “ಎಲ್ಲಾ ನೋಡಕೋಂತ ಬಂದಿರೇನು?”

ಆಗ ನನಗೆ ತಿಳಿಯಿತು. ನನ್ನ ಇಡೀ ನೌಕರಿಯಲ್ಲಿ ಅಂಥ ಆಕಾಶದ ಕೆಳಗೆ ಒಬ್ಬಳೇ ನಡೆದದ್ದು ಅದೊಂದೇ ಸಂಜೆ. ಕ್ರಾಸಿನಿಂದ ಅಲ್ಲಿಯವರೆಗೆ ಒಮ್ಮೆಯೂ ತಲೆ ಎತ್ತಿರಲಿಲ್ಲ.

“ಒಂದೂ ನೋಡ್ಲಿಲ್ಲ ರೇಣವ್ವ” ಎಂದೆ.

ಅವಳು ಎಡಗೈಯಿಂದ ನನ್ನ ಸೆರಗಿನ ಮುಳ್ಳು ಕೀಳತೊಡಗಿದಳು. ಮರುದಿನ ಕಟ್ಟೆಯ ಮೇಲೆ ಮಂದಿ ಕೂಡಿದಾಗ ಶರಣಪ್ಪಜ್ಜ ನನ್ನ ಕಡೆ ತಿರುಗಿದ. ಕಂಬ ಹಾಕಿಸಿರಿ ಎಂದು ಎಲ್ಲರಿಗಿಂತ ಮೊದಲು ನಾನೇ ಹೇಳಿದೆ.